ಕಿಲಿಮಂಜಾರೊ ಚಾರಣದ ಪ್ಯಾಕೇಜ್: ಹೊರೆ ಹೊರುವವರ ಕಡೆಯಿಂದ ನೋಡಿದ ವಿಮರ್ಶೆ

ಕಿಲಿಮಂಜಾರೊ ಹತ್ತಿಸುವ ಪ್ಯಾಕೇಜುಗಳ ವಿಮರ್ಶೆ ಓದಿದರೆ ಟೆಂಟ್ ಹೇಗಿತ್ತು, ಊಟ ಬಿಸಿಯಾಗಿತ್ತೇ, ಗೈಡ್ ಒಳ್ಳೆಯವರೇ, ತುದಿ ಮುಟ್ಟಿದ್ದಾಯಿತೇ ಎಂಬ ನಾಲ್ಕು ಸಂಗತಿಗಳೇ ಸಿಗುತ್ತವೆ. ಆ ಟೆಂಟ್ ಹೊತ್ತು ತಂದವರಿಗೆ ಅಂದು ರಾತ್ರಿ ಊಟವಾಯಿತೇ, ಅವರು ಎಲ್ಲಿ ಮಲಗಿದರು, ದಿನಕ್ಕೆ ಎಷ್ಟು ಕೂಲಿ ಸಿಕ್ಕಿತು ಎಂಬುದನ್ನು ಬರೆಯುವವರು ಕಡಿಮೆ. ಈ ಸೇವೆಯ ಗುಣಮಟ್ಟ ನಿಂತಿರುವುದು ಮಾತ್ರ ಅಲ್ಲಿಯೇ. ತಾಂಜಾನಿಯಾದ ಈ ಪರ್ವತದಲ್ಲಿ ಪ್ರವಾಸೋದ್ಯಮದ ಅರ್ಧಭಾಗಕ್ಕೆ ಪರವಾನಗಿ, ರಸೀದಿ, ತೆರಿಗೆ ಎಲ್ಲ ಇದೆ. ಉಳಿದರ್ಧ ಬಾಯಿಮಾತಿನ ದಿನಗೂಲಿಯ ಮೇಲೆ ನಡೆಯುತ್ತದೆ. ಪ್ರವಾಸಿ ಹಣ ಕಟ್ಟುವುದು ಮೊದಲ ಭಾಗಕ್ಕೆ, ಅವನನ್ನು ಮೇಲೆ ತಲುಪಿಸುವುದು ಎರಡನೆಯದು.

ತೀರ್ಪು ಮೊದಲೇ ಹೇಳಿಬಿಡೋಣ. ಪೋರ್ಟರುಗಳ, ಅಂದರೆ ಹೊರೆ ಹೊರುವವರ, ಸಹಿತವಾದ ಈ ಸೇವೆ ಚೆನ್ನಾಗಿದೆ, ಧಾರಾಳವಾಗಿ ಕೊಳ್ಳಬಹುದು. ಪರ್ವತದ ಇಳಿಜಾರಿನ ಹಳ್ಳಿಗಳಿಗೆ, ಮೋಶಿ ಮತ್ತು ಅರುಷಾ ಪಟ್ಟಣಗಳಿಗೆ ಇದು ದೊಡ್ಡ ಜೀವನಾಧಾರ. ಆದರೆ ಪಟ್ಟಿಯಲ್ಲಿರುವ ಅತಿ ಅಗ್ಗದ ಪ್ಯಾಕೇಜನ್ನು ಕೊಳ್ಳಬೇಡಿ. ಅಗ್ಗವಾದದ್ದು ಯಾರ ಪಾಲಿನಿಂದ ಎಂಬುದು ಕೂಡಿಸಿ ನೋಡಿದರೆ ತಿಳಿಯುತ್ತದೆ.

ಕೂಡಿಸೋಣ. ಗೈಡ್ ಇಲ್ಲದೆ, ಪರವಾನಗಿ ಇರುವ ಸಂಸ್ಥೆಯ ಮೂಲಕವಲ್ಲದೆ ಈ ಪರ್ವತ ಹತ್ತಲು ಬಿಡುವುದಿಲ್ಲ. ರಾಷ್ಟ್ರೀಯ ಉದ್ಯಾನದ ಶುಲ್ಕ ವಿದೇಶಿ ಪ್ರವಾಸಿಗೆ ಬಹಳ ವರ್ಷಗಳಿಂದ ದಿನಕ್ಕೆ 70 ಡಾಲರ್, ಟೆಂಟ್ ಹಾಕುವುದಕ್ಕೆ ರಾತ್ರಿಗೆ 50 ಡಾಲರ್, ರಕ್ಷಣಾ ಶುಲ್ಕ ಒಂದು ಸಲಕ್ಕೆ 20 ಡಾಲರ್. ಇದರ ಮೇಲೆ ಶೇ 18 ವ್ಯಾಟ್. ಮಚಾಮೆ ದಾರಿಯ ಏಳು ದಿನ, ಆರು ರಾತ್ರಿಯ ಚಾರಣಕ್ಕೆ 490, 300 ಮತ್ತು 20 ಸೇರಿ 810 ಡಾಲರ್, ತೆರಿಗೆ ಸೇರಿದರೆ ಸುಮಾರು 956. ಈ ಹಣದಲ್ಲಿ ಚೌಕಾಸಿಗೆ ಅವಕಾಶವೇ ಇಲ್ಲ. ಸಂಸ್ಥೆ ದೊಡ್ಡದಿರಲಿ ಸಣ್ಣದಿರಲಿ, ಗೇಟಿನಲ್ಲಿ ಇಷ್ಟನ್ನು ಕಟ್ಟಲೇಬೇಕು.

ಈಗ ಆಳುಗಳ ಲೆಕ್ಕ. ನಾಲ್ಕು ಜನರ ಗುಂಪಿಗೆ ಒಬ್ಬ ಮುಖ್ಯ ಗೈಡ್, ಒಬ್ಬ ಸಹಾಯಕ ಗೈಡ್, ಒಬ್ಬ ಅಡುಗೆಯವ, ಹದಿನಾಲ್ಕು ಪೋರ್ಟರುಗಳು ಎಂದಿಟ್ಟುಕೊಳ್ಳಿ. ಒಬ್ಬ ಪ್ರವಾಸಿಗೆ ಮೂರರಿಂದ ನಾಲ್ಕು ಪೋರ್ಟರ್ ಬೇಕಾಗುವುದು ಇಲ್ಲಿ ಸಾಮಾನ್ಯ. ಒಬ್ಬರೇ ಹೋದರೆ ಈ ಸಂಖ್ಯೆ ಇನ್ನೂ ಏರುತ್ತದೆ, ಏಕೆಂದರೆ ಅಡುಗೆ ಪಾತ್ರೆ, ಗ್ಯಾಸ್, ಊಟದ ಟೆಂಟ್ ಎಷ್ಟೇ ಜನರಿದ್ದರೂ ಬೇಕು. ಮೋಶಿಯಲ್ಲಿರುವ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ (ಪೋರ್ಟರುಗಳ ಹಿತಕ್ಕೆ ದುಡಿಯುವ ಸಂಸ್ಥೆ, ಎಲ್ಲರೂ ಕೆಪಾಪ್ ಎನ್ನುತ್ತಾರೆ) ಹಲವು ವರ್ಷ ಮಾನದಂಡವಾಗಿ ಇಟ್ಟುಕೊಂಡು ಬಂದ ಕನಿಷ್ಠ ಕೂಲಿ ದಿನಕ್ಕೆ 20,000 ತಾಂಜಾನಿಯಾ ಶಿಲ್ಲಿಂಗ್. ಹದಿನಾಲ್ಕು ಜನಕ್ಕೆ ಏಳು ದಿನಕ್ಕೆ 19,60,000 ಶಿಲ್ಲಿಂಗ್, ಒಬ್ಬ ಪ್ರವಾಸಿಯ ಪಾಲಿಗೆ 4,90,000. ಡಾಲರಿಗೆ 2,500 ಶಿಲ್ಲಿಂಗ್ ಎಂದು ಹಿಡಿದರೆ 196 ಡಾಲರ್. ಶುಲ್ಕ ಮತ್ತು ಪೋರ್ಟರ್ ಕೂಲಿಗೇ 1,150 ದಾಟಿತು. ಗೈಡುಗಳ ಮತ್ತು ಅಡುಗೆಯವನ ಸಂಬಳ, ಇಪ್ಪತ್ತೊಂದು ಜನಕ್ಕೆ ಏಳು ದಿನದ ಊಟ, ಗೇಟಿನವರೆಗೆ ಗಾಡಿ, ಟೆಂಟುಗಳ ಸವಕಳಿ, ಕಚೇರಿ ಖರ್ಚು, ಪರವಾನಗಿ, ವಿದೇಶದ ಏಜೆಂಟನ ಪಾಲು ಇನ್ನೂ ಬಾಕಿ ಇವೆ.

ಹೀಗಿರುವಾಗ ಏಳು ದಿನದ ಮಚಾಮೆ 1,300 ಡಾಲರಿಗೆ ಎಂಬ ಜಾಹೀರಾತು ಕಂಡರೆ ಏನರ್ಥ? ಉದ್ಯಾನದ ಶುಲ್ಕ ಕಡಿಮೆ ಆಗಿಲ್ಲ, ಡೀಸೆಲ್ಲೂ ಅಗ್ಗವಾಗಿಲ್ಲ. ಲಿಖಿತ ಕರಾರು ಇಲ್ಲದ, ದೂರಿದರೆ ಮುಂದಿನ ಸಲ ಕೆಲಸ ಸಿಗದ ಪೋರ್ಟರುಗಳ ಕೂಲಿ ಮತ್ತು ಊಟವನ್ನು ಮಾತ್ರ ಕಡಿಮೆ ಮಾಡಲು ಸಾಧ್ಯ. ಪ್ರವಾಸೋದ್ಯಮಕ್ಕೂ ಅಸಂಘಟಿತ ದುಡಿಮೆಗೂ ಇರುವ ಸಂಬಂಧ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಕಡಿಮೆ: ಗಟ್ಟಿಯಾದ ಖರ್ಚುಗಳೆಲ್ಲ ರಸೀದಿ ಇರುವ ಕಡೆ, ಹಿಂಡಬಹುದಾದ ಖರ್ಚುಗಳೆಲ್ಲ ರಸೀದಿ ಇಲ್ಲದ ಕಡೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಹೇಳಿದ ಪ್ರಕಾರ ಜಗತ್ತಿನ ದುಡಿಯುವವರಲ್ಲಿ ಶೇ 61ರಷ್ಟು, ಅಂದರೆ 200 ಕೋಟಿ ಜನ, ಅನೌಪಚಾರಿಕ ದುಡಿಮೆಯಲ್ಲಿದ್ದಾರೆ. ಅವರನ್ನೆಲ್ಲ ಬೀದಿ ವ್ಯಾಪಾರಿಗಳು ಎಂದುಕೊಳ್ಳಬೇಡಿ. ನೋಂದಾಯಿತ ಕಂಪನಿಗಳ ಅಡಿಯಲ್ಲೇ, ಯಾವ ಪುಸ್ತಕದಲ್ಲೂ ಹೆಸರಿಲ್ಲದೆ ದುಡಿಯುವವರೂ ಅದರಲ್ಲಿ ಸೇರಿದ್ದಾರೆ. ಕಿಲಿಮಂಜಾರೊ ಪೋರ್ಟರ್ ಈ ಎರಡನೆಯ ಬಗೆಯವನು.

ಆಳು ಸೇರಿಸುವ ಬಗೆ

ಸಂಸ್ಥೆಗೆ ಖಾಯಂ ನೌಕರರಾಗಿ ಇರುವವರು ಕಚೇರಿಯವರು ಮತ್ತು ಕೆಲವು ಹಿರಿಯ ಗೈಡುಗಳು. ಪೋರ್ಟರುಗಳನ್ನು ಸೇರಿಸುವುದು ಬಹುತೇಕ ಮುಖ್ಯ ಗೈಡೇ. ನಮ್ಮಲ್ಲಿ ಕಟ್ಟಡ ಕೆಲಸಕ್ಕೆ ಮೇಸ್ತ್ರಿ ಆಳು ಕರೆತರುವ ಹಾಗೆ. ಮೇಸ್ತ್ರಿ ನ್ಯಾಯವಂತನಾದರೆ ತಂಡ ವರ್ಷಗಟ್ಟಲೆ ಒಟ್ಟಿಗಿರುತ್ತದೆ. ಅಲ್ಲದಿದ್ದರೆ ಕೆಲಸ ಬೇಕೆನ್ನುವವನು ತನ್ನ ಕೂಲಿಯಲ್ಲೋ ಟಿಪ್ಸಿನಲ್ಲೋ ಒಂದು ಪಾಲನ್ನು ಅವನ ಕೈಗೆ ಹಿಂದಿರುಗಿಸಬೇಕಾಗುತ್ತದೆ. ಹಂಗಾಮಿನಲ್ಲಿ, ಅಂದರೆ ಜನವರಿಯಿಂದ ಮಾರ್ಚ್ ಆರಂಭದವರೆಗೆ ಮತ್ತು ಜೂನ್‌ನಿಂದ ಅಕ್ಟೋಬರ್‌ವರೆಗೆ, ಗೇಟಿನ ಹೊರಗೇ ಬೆಳಗ್ಗೆ ಕೆಲಸಕ್ಕೆ ಕಾದು ನಿಂತ ಯುವಕರು ಕಾಣುತ್ತಾರೆ. ಕೊನೆಯ ಗಳಿಗೆಯಲ್ಲಿ ತೂಕ ಹೆಚ್ಚಾಗಿ ಆಳು ಸಾಲದಾದಾಗ ಅವರಲ್ಲೊಬ್ಬರನ್ನು ಕರೆದುಕೊಳ್ಳುತ್ತಾರೆ. ಹಾಗೆ ಬಂದವನ ಬಳಿ ಬೆಚ್ಚನೆಯ ಜಾಕೆಟ್ಟಾಗಲಿ ಗಟ್ಟಿ ಬೂಟಾಗಲಿ ಇರುತ್ತದೆಂಬ ಖಾತರಿ ಇಲ್ಲ. ಬಾಳೆ, ಕಾಫಿ ಬೆಳೆಯುವ ಇಳಿಜಾರಿನ ಹಳ್ಳಿಗಳಿಂದ ಹಂಗಾಮಿಗೆ ಮಾತ್ರ ಬರುವವರೂ ಇದ್ದಾರೆ. ಏಪ್ರಿಲ್, ಮೇ ತಿಂಗಳ ದೊಡ್ಡ ಮಳೆಯಲ್ಲಿ ಪ್ರವಾಸಿಗಳಿಲ್ಲ, ಕೂಲಿಯೂ ಇಲ್ಲ.

ಇನ್ನೊಂದು ಪದರ ಇದೆ. ಸ್ವಂತ ಪರವಾನಗಿ ಇಲ್ಲದ, ಇನ್ನೊಂದು ಸಂಸ್ಥೆಯ ಹೆಸರಿನಲ್ಲಿ ಗೇಟ್ ದಾಟುವ ಬ್ರೀಫ್‌ಕೇಸ್ ಕಂಪನಿಗಳು. ಒಂದು ಫೋನ್, ಒಂದು ವೆಬ್‌ಸೈಟ್ ಇದ್ದರೆ ವ್ಯವಹಾರ ಶುರು. ಇವರಲ್ಲಿ ಹಲವರು ಅನುಭವಿ ಗೈಡುಗಳೇ, ಕೆಲಸ ಬಲ್ಲವರೇ. ಸಂಸ್ಥೆ ಕಟ್ಟಲು ಬೇಕಾದ ಪರವಾನಗಿ ಹಣ ಇಲ್ಲದ್ದರಿಂದ ಹೀಗೆ ಮಾಡುತ್ತಾರೆ. ಆದ್ದರಿಂದ ಎಲ್ಲರನ್ನೂ ಮೋಸಗಾರರೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಅಪಘಾತವಾದರೆ, ಪೋರ್ಟರ್ ಕೂಲಿ ಬಾಕಿ ಉಳಿದರೆ, ಯಾರನ್ನು ಕೇಳುವುದು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಇರುವುದಿಲ್ಲ. ಮುಂಗಡ ಕಟ್ಟುವ ಮುನ್ನ ಪರ್ವತಾರೋಹಣದ ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ಕೇಳಿ, ಅದರ ಪ್ರತಿ ತರಿಸಿಕೊಳ್ಳಿ. ಹಣ ಹೋಗುವ ಬ್ಯಾಂಕ್ ಖಾತೆಯ ಹೆಸರು ಅದಕ್ಕೆ ಹೊಂದಬೇಕು.

ತೂಕ

ಉದ್ಯಾನದ ನಿಯಮದಂತೆ ಒಬ್ಬ ಪೋರ್ಟರ್ ಹೊರುವ ಹೊರೆ 20 ಕಿಲೋ ಮೀರಬಾರದು. ಹಾಗಾಗಿ ಹೆಚ್ಚಿನ ಸಂಸ್ಥೆಗಳು ಪ್ರವಾಸಿಯ ಚೀಲಕ್ಕೆ 15 ಕಿಲೋ ಮಿತಿ ಹಾಕುತ್ತವೆ. ಗೇಟಿನಲ್ಲಿ ತಕ್ಕಡಿ ಇದೆ, ಒಬ್ಬೊಬ್ಬರ ಹೊರೆಯನ್ನೂ ತೂಗುತ್ತಾರೆ. ನಿಯಮ ಕಾಗದದಲ್ಲಿ ಮಾತ್ರ ಇರುವ ಸ್ಥಿತಿ ಇದಲ್ಲ ಎಂಬುದು ಈ ಸೇವೆಯ ದೊಡ್ಡ ಅಂಕ.

ಲೋಪ ಆಗುವುದು ತಕ್ಕಡಿ ದಾಟಿದ ಮೇಲೆ. ತೂಕದ ಹೊತ್ತಿಗೆ ಹದಿನಾಲ್ಕು ಜನ, ಕಾಡಿನೊಳಗೆ ಅರ್ಧ ಗಂಟೆ ನಡೆದ ಮೇಲೆ ಹನ್ನೆರಡು ಜನ. ಇಬ್ಬರು ವಾಪಸು ಹೋಗಿರುತ್ತಾರೆ, ಅವರ ಹೊರೆ ಉಳಿದವರ ಮೇಲೆ. ಹೋದವರ ಹೆಸರಿನ ಕೂಲಿ, ಕೊನೆಗೆ ಅವರ ಹೆಸರಿನ ಟಿಪ್ಸ್, ಎರಡೂ ಯಾರದೋ ಜೇಬಿಗೆ. ಇದನ್ನು ಹಿಡಿಯುವುದು ಸುಲಭ. ಮೊದಲ ದಿನ ಗೇಟಿನಲ್ಲೇ ಆಳುಗಳ ಪಟ್ಟಿ ಕೇಳಿ, ಹೆಸರು ಮತ್ತು ಕೆಲಸ ಬರೆದುಕೊಳ್ಳಿ, ಎರಡನೆಯ ದಿನ ಸಂಜೆ ಶಿಬಿರದಲ್ಲಿ ಎಲ್ಲರ ಪರಿಚಯ ಮಾಡಿಸಿ ಎನ್ನಿ. ಸರಿಯಾದ ತಂಡಕ್ಕೆ ಇದರಿಂದ ಸಂತೋಷವೇ ಆಗುತ್ತದೆ, ಹೆಸರು ಹೇಳಿ ಕೈಕುಲುಕುತ್ತಾರೆ. ಪಟ್ಟಿ ಕೊಡಲು ನೆಪ ಹೇಳಿದರೆ ಅನುಮಾನಪಡಲು ಕಾರಣವಿದೆ.

ಹೊರೆ ಭಾರವಾಗುವುದಕ್ಕೆ ಪ್ರವಾಸಿಯ ಚೀಲವೂ ಕಾರಣ. ಇಲ್ಲಿನ ಪೋರ್ಟರ್ ತನ್ನ ಸ್ವಂತ ಸಾಮಾನನ್ನು ಬೆನ್ನಿಗೆ ಹಾಕಿ, ಪ್ರವಾಸಿಯ ಚೀಲವನ್ನು ತಲೆ ಅಥವಾ ಕುತ್ತಿಗೆಯ ಮೇಲೆ ಹೊರುತ್ತಾನೆ. ಆದ್ದರಿಂದ ಚಕ್ರ, ಕಬ್ಬಿಣದ ಚೌಕಟ್ಟು ಇರುವ ಸೂಟ್‌ಕೇಸ್ ಬೇಡವೇ ಬೇಡ. ಮೆತ್ತನೆಯ, ನೀರು ಇಳಿಯದ ಡಫಲ್ ಬ್ಯಾಗ್ ತನ್ನಿ. ಒಳಗಿನ ಬಟ್ಟೆಗಳನ್ನು ಮತ್ತೆ ಮತ್ತೆ ಬಳಸುವ ಡ್ರೈ ಬ್ಯಾಗುಗಳಲ್ಲಿ ಹಾಕಿ. ತಾಂಜಾನಿಯಾದಲ್ಲಿ 2019ರ ಜೂನ್‌ನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಇದೆ, ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಮಳೆಕಾಡಿನಲ್ಲಿ ಚೀಲ ನೆನೆದರೆ ಒಂದೆರಡು ಕಿಲೋ ತೂಕ ಹೆಚ್ಚಾಗುವುದು ಖಂಡಿತ, ಅದು ಯಾವ ತಕ್ಕಡಿಗೂ ಸಿಗುವುದಿಲ್ಲ.

ನೀರಿನ ಮಾತು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮಚಾಮೆ ಮತ್ತು ಲೆಮೋಶೊ ದಾರಿಯಲ್ಲಿ ತುದಿಗೆ ಹೊರಡುವ ಬರಾಫು ಶಿಬಿರ ಸುಮಾರು 4,670 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರಿಲ್ಲ. ಕೊನೆಯ ಹೊಳೆ ಕರಂಗಾ ಕಣಿವೆಯಲ್ಲಿ. ಬರಾಫುವಿನಲ್ಲಿ ನೀವು ಕುಡಿಯುವ ಚಹಾ, ಕೈತೊಳೆಯಲು ಕೊಡುವ ಬಿಸಿನೀರು, ಪಾತ್ರೆ ತೊಳೆಯುವ ನೀರು ಎಲ್ಲವೂ ಆ ಕಣಿವೆಯಿಂದ ಹೊತ್ತು ತಂದದ್ದು. ಕಡಿಮೆ ಆಳಿನ ತಂಡಗಳು ಸೋಲುವುದು ಇಲ್ಲಿಯೇ. ನೀರು ತರಲು ಜನ ಸಾಲದೆ ಎಲ್ಲರಿಗೂ ಕುಡಿಯಲು ಕಡಿಮೆಯಾಗುತ್ತದೆ. ಎತ್ತರದಲ್ಲಿ ನೀರು ಕಡಿಮೆ ಕುಡಿದರೆ ತಲೆನೋವು, ಸುಸ್ತು ಬೇಗ ಹಿಡಿದುಕೊಳ್ಳುತ್ತವೆ. ತುದಿ ಮುಟ್ಟದೆ ಹಿಂದಿರುಗಿದ ಪ್ರವಾಸಿ ಹವಾಮಾನವನ್ನು ದೂರುತ್ತಾನೆ. ಉಳಿತಾಯ ಮಾಡಿದ್ದು ಎರಡು ಪೋರ್ಟರ್ ಕೂಲಿ ಎಂಬುದು ಅವನಿಗೆ ತಿಳಿಯುವುದೇ ಇಲ್ಲ.

ಊಟ, ನಿದ್ದೆ, ಬಟ್ಟೆ

ಪ್ರವಾಸಿಯ ಊಟಕ್ಕೆ ಈ ಸೇವೆಯಲ್ಲಿ ಪೂರ್ಣ ಅಂಕ. ಸೂಪು, ಅನ್ನ, ಪಾಸ್ತಾ, ತರಕಾರಿ ಸಾರು, ಹಣ್ಣು, ಸಂಜೆ ಪಾಪ್‌ಕಾರ್ನ್. ಸಸ್ಯಾಹಾರ ಬೇಕೆಂದು ಮೊದಲೇ ತಿಳಿಸಿದರೆ ತೊಂದರೆಯೇ ಇಲ್ಲ. ಎರಡು ಒಲೆಯ ಮೇಲೆ, ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ, ಗಾಳಿಗೆ ಅಲುಗಾಡುವ ಟೆಂಟಿನೊಳಗೆ ಅಷ್ಟು ಅಡುಗೆ ಮಾಡುವವರ ಕೈಚಳಕಕ್ಕೆ ಎಷ್ಟು ಹೊಗಳಿದರೂ ಸಾಲದು.

ಹೊರೆ ಹೊರುವವರ ಊಟದಲ್ಲಿ ಸಂಸ್ಥೆಯಿಂದ ಸಂಸ್ಥೆಗೆ ಅಜಗಜಾಂತರ. ಒಳ್ಳೆಯ ತಂಡದಲ್ಲಿ ಮೂರು ಹೊತ್ತು: ಬೆಳಗ್ಗೆ ಗಂಜಿ ಮತ್ತು ಚಹಾ, ದಾರಿಗೆ ಏನಾದರೂ, ರಾತ್ರಿ ಉಗಾಲಿ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ಜೊತೆ ಬೀನ್ಸ್ ಅಥವಾ ಸೊಪ್ಪು, ಕೆಲವೊಮ್ಮೆ ಮಾಂಸ. ಕೆಟ್ಟ ತಂಡದಲ್ಲಿ ಒಂದೇ ಹೊತ್ತು, ರಾತ್ರಿ ಮಾತ್ರ. 20 ಕಿಲೋ ಹೊತ್ತು ದಿನಕ್ಕೆ ಆರೇಳು ಗಂಟೆ ಏರುವವನಿಗೆ ಒಂದು ಹೊತ್ತಿನ ಊಟ! ಇದಕ್ಕೂ ನಿಮ್ಮ ಸುರಕ್ಷತೆಗೂ ನೇರ ಸಂಬಂಧ ಇದೆ. ತುದಿ ಏರುವ ರಾತ್ರಿ ನೀವು ಅಸ್ವಸ್ಥರಾದರೆ ಸ್ಟ್ರೆಚರ್ ಹಿಡಿದು ಕೆಳಗೆ ಓಡಬೇಕಾದವರು ಇವರೇ.

ನಿದ್ದೆಯ ಲೋಪ ಕಣ್ಣಿಗೆ ಬೀಳುವುದು ಕಷ್ಟ. ಪೋರ್ಟರುಗಳಿಗೆ ಪ್ರತ್ಯೇಕ ಟೆಂಟ್ ಕೊಡದ ಸಂಸ್ಥೆಗಳು ಪ್ರವಾಸಿಗಳ ಊಟದ ಟೆಂಟಿನಲ್ಲೇ ಅವರನ್ನು ಮಲಗಿಸುತ್ತವೆ. ಆ ಟೆಂಟಿಗೆ ಬಹಳ ಸಲ ತಳವೇ ಇರುವುದಿಲ್ಲ, ನೆಲದ ತೇವ ನೇರ ಮೈಗೆ. ನೀವು ಊಟ ಮುಗಿಸಿ ಇಸ್ಪೀಟು ಆಡುತ್ತ ಒಂಬತ್ತು ಗಂಟೆಯವರೆಗೆ ಕುಳಿತರೆ ಅಷ್ಟು ಹೊತ್ತೂ ಅವರು ಹೊರಗೆ, ಚಳಿಯಲ್ಲೋ ಮಳೆಯಲ್ಲೋ ಕಾಯಬೇಕು. ಊಟದ ಟೆಂಟಿನ ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ, ಚೀಲಗಳು ಕಂಡರೆ, ಪಕ್ಕದಲ್ಲಿ ಬೇರೆ ಟೆಂಟ್ ಇಲ್ಲದಿದ್ದರೆ, ವಿಷಯ ಇದೇ. ತಕ್ಷಣ ಮಾಡಬಹುದಾದ್ದು ಎದ್ದು ಹೋಗುವುದು, ಮರುದಿನ ಗೈಡ್ ಜೊತೆ ಮಾತಾಡುವುದು. ಶಾಶ್ವತ ಪರಿಹಾರ ಇರುವುದು ಬುಕ್ ಮಾಡುವ ಹೊತ್ತಿನಲ್ಲಿ: ಪೋರ್ಟರುಗಳಿಗೆ ಎಷ್ಟು ಟೆಂಟ್, ಒಂದರಲ್ಲಿ ಎಷ್ಟು ಜನ, ತಳಕ್ಕೆ ಹಾಸು ಇದೆಯೇ ಎಂದು ಬರೆದು ಕೇಳಿ. ಉತ್ತರ ಬರೆದು ಕೊಡುವ ಸಂಸ್ಥೆ ಸಾಮಾನ್ಯವಾಗಿ ನಡೆದುಕೊಳ್ಳುವುದೂ ಹಾಗೆಯೇ.

ಬಟ್ಟೆಯ ವಿಷಯದಲ್ಲಿ ಪ್ರವಾಸಿಗೆ ಕಣ್ಣೇ ಸಾಕು. ಗೇಟಿನ ಬಳಿ ಸುಮಾರು 1,800 ಮೀಟರ್ ಎತ್ತರದಲ್ಲಿ ಅಂಗಿ ಸಾಕು. ಬರಾಫುವಿನಲ್ಲಿ ರಾತ್ರಿ ತಾಪಮಾನ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಮೊದಲ ದಿನವೇ ಕಾಲು ನೋಡಿ. ಸವೆದ ಕ್ಯಾನ್ವಾಸ್ ಷೂ, ಚಪ್ಪಲಿ ಕಂಡರೆ ಆ ಸಂಸ್ಥೆ ಆಳುಗಳ ಸಜ್ಜನ್ನು ಪರಿಶೀಲಿಸಿಲ್ಲ. ಕೆಪಾಪ್ ತನ್ನ ಮೋಶಿ ಕಚೇರಿಯಿಂದ ಜಾಕೆಟ್, ಪ್ಯಾಂಟ್, ಬೂಟು, ಕೈಗವುಸುಗಳನ್ನು ಪೋರ್ಟರುಗಳಿಗೆ ಉಚಿತವಾಗಿ ಎರವಲು ಕೊಡುತ್ತದೆ. ಆದ್ದರಿಂದ ಬಟ್ಟೆ ಸಿಗಲಿಲ್ಲ ಎಂಬ ಸಬೂಬು ಮೋಶಿಯಿಂದ ಹೊರಡುವ ಸಂಸ್ಥೆಗೆ ಒಪ್ಪುವುದಿಲ್ಲ.

ಎತ್ತರದ ಕಾಯಿಲೆ ಪೋರ್ಟರಿಗೆ ಬರುವುದಿಲ್ಲ ಎಂಬುದು ತಪ್ಪು ಕಲ್ಪನೆ. ಬರುತ್ತದೆ, ಸಾವೂ ಸಂಭವಿಸುತ್ತದೆ. ನೇಪಾಳದಲ್ಲಿ ಒಬ್ಬ ಪೋರ್ಟರ್ ಹಾಗೆ ಸತ್ತ ಮೇಲೆಯೇ 1997ರಲ್ಲಿ ಅಂತರರಾಷ್ಟ್ರೀಯ ಪೋರ್ಟರ್ ರಕ್ಷಣಾ ಗುಂಪು ಹುಟ್ಟಿತು. ಅವರ ಸೂತ್ರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಅಸ್ವಸ್ಥ ಪೋರ್ಟರನ್ನು ಒಬ್ಬನೇ ಕೆಳಗೆ ಕಳಿಸಬಾರದು, ಅವನ ಭಾಷೆ ಬಲ್ಲ ಒಬ್ಬರು ಜೊತೆಗೆ ಹೋಗಬೇಕು, ಚಿಕಿತ್ಸೆಯ ಖರ್ಚಿಗೆ ಹಣ ಕೈಯಲ್ಲಿರಬೇಕು. ಸಂಜೆ ಗೈಡ್ ನಿಮ್ಮ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹಾಕಿ ಸಂಖ್ಯೆ ಬರೆದುಕೊಳ್ಳುವಾಗ, ತಂಡದವರನ್ನೂ ನೋಡುತ್ತೀರಾ ಎಂದು ಒಂದು ಮಾತು ಕೇಳಿ. ಯಾರಾದರೂ ಮರುದಿನ ಕಾಣದಿದ್ದರೆ ಎಲ್ಲಿ ಹೋದರು, ಜೊತೆಗೆ ಯಾರು ಹೋದರು ಎಂದೂ ಕೇಳಿ.

ಟಿಪ್ಸ್ ಎಂಬ ಎರಡನೆಯ ಸಂಬಳ

ಇಡೀ ಸೇವೆಯಲ್ಲಿ ಅತಿ ದುರ್ಬಲ ಭಾಗ ಇದು. ಹೆಸರಿಗೆ ಟಿಪ್ಸ್ ಸ್ವಇಚ್ಛೆಯದು, ವಾಸ್ತವದಲ್ಲಿ ಆಳುಗಳ ಆದಾಯದ ದೊಡ್ಡ ಪಾಲು. ಸಂಸ್ಥೆ ತಾನು ಕೊಡಬೇಕಾದ ಕೂಲಿಯ ಒಂದಂಶವನ್ನು ಪ್ರವಾಸಿಯ ಔದಾರ್ಯಕ್ಕೆ ಬಿಟ್ಟಿದೆ ಎಂದೇ ಇದನ್ನು ಅರ್ಥ ಮಾಡಿಕೊಳ್ಳಬೇಕು. ಹಾಗಾಗಿ ಪ್ಯಾಕೇಜಿನ ಬೆಲೆ ಹೋಲಿಸುವಾಗ ಟಿಪ್ಸನ್ನೂ ಕೂಡಿಸಿಯೇ ಹೋಲಿಸಿ.

ಚಾಲ್ತಿಯಲ್ಲಿರುವ ದರ ಇಡೀ ಗುಂಪಿನಿಂದ ದಿನವೊಂದಕ್ಕೆ ಮುಖ್ಯ ಗೈಡಿಗೆ 20ರಿಂದ 25 ಡಾಲರ್, ಸಹಾಯಕ ಗೈಡಿಗೆ 15ರಿಂದ 20, ಅಡುಗೆಯವನಿಗೆ 12ರಿಂದ 15, ಒಬ್ಬೊಬ್ಬ ಪೋರ್ಟರಿಗೆ 6ರಿಂದ 10. ಮೇಲಿನ ತಂಡಕ್ಕೆ 20, 15, 12 ಮತ್ತು ಹದಿನಾಲ್ಕು ಪೋರ್ಟರಿಗೆ ತಲಾ 7ರಂತೆ 98 ಸೇರಿದರೆ ದಿನಕ್ಕೆ 145 ಡಾಲರ್. ಏಳು ದಿನಕ್ಕೆ 1,015. ನಾಲ್ವರು ಹಂಚಿಕೊಂಡರೆ ಒಬ್ಬರಿಗೆ ಸುಮಾರು 254 ಡಾಲರ್. ಈ ಹಣ ಮನೆಯಿಂದಲೇ ತೆಗೆದಿಟ್ಟು ಹೊರಡಬೇಕು, ಪರ್ವತದ ಮೇಲೆ ಎಟಿಎಂ ಇಲ್ಲ.

ಕೊಡುವ ಕ್ರಮದಲ್ಲಿ ತಪ್ಪಾಗುವುದು ಹೀಗೆ. ಕೊನೆಯ ಶಿಬಿರದಲ್ಲೋ ಇಳಿದು ಹೊರಬರುವ ಮ್ವೆಕಾ ಗೇಟಿನಲ್ಲೋ ತಂಡ ಹಾಡಿ ಕುಣಿಯುತ್ತದೆ, ಪ್ರವಾಸಿ ಭಾವುಕನಾಗಿ ಒಂದು ದಪ್ಪ ಲಕೋಟೆಯನ್ನು ಮುಖ್ಯ ಗೈಡ್ ಕೈಗಿಟ್ಟು ಬಸ್ಸು ಹತ್ತುತ್ತಾನೆ. ಲಕೋಟೆಯೊಳಗೆ ಎಷ್ಟಿತ್ತೆಂದು ಉಳಿದ ಹದಿನಾರು ಜನಕ್ಕೆ ಗೊತ್ತಿಲ್ಲ. ಗೈಡ್ ಪ್ರಾಮಾಣಿಕನಾಗಿದ್ದರೂ ಅನುಮಾನ ಹುಟ್ಟುತ್ತದೆ, ತಂಡ ಒಡೆಯುತ್ತದೆ. ಸರಿಯಾದ ಕ್ರಮ ಹೆಚ್ಚು ಕಷ್ಟದ್ದಲ್ಲ. ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಹುದ್ದೆ, ಸಂಖ್ಯೆ, ತಲಾ ಮೊತ್ತ, ಒಟ್ಟು ಮೊತ್ತ ಬರೆಯಿರಿ. ಮೊದಲ ದಿನದ ಪಟ್ಟಿಯೊಂದಿಗೆ ತಾಳೆ ನೋಡಿ. ಎಲ್ಲರೂ ಸೇರಿದಾಗ ಪೋರ್ಟರಿಗೆ ತಲಾ ಇಷ್ಟು, ಅಡುಗೆಯವರಿಗೆ ಇಷ್ಟು ಎಂದು ಗಟ್ಟಿಯಾಗಿ ಓದಿ, ಸ್ವಾಹಿಲಿಗೆ ಒಬ್ಬರಿಂದ ಹೇಳಿಸಿ. ಆಮೇಲೆ ಒಬ್ಬೊಬ್ಬರ ಕೈಗೇ ಕೊಡಿ. ಊಟ ಬಡಿಸಿದವರು, ಶೌಚಾಲಯದ ಟೆಂಟ್ ಹೊತ್ತು ಸ್ವಚ್ಛವಾಗಿಟ್ಟವರು, ತುದಿಯ ರಾತ್ರಿ ಜೊತೆಗೆ ಬಂದ ಪೋರ್ಟರ್, ಇವರಿಗೆ ದಿನಕ್ಕೆ ಒಂದೆರಡು ಡಾಲರ್ ಹೆಚ್ಚು ಕೊಡುವುದು ನ್ಯಾಯ.

ಆದಷ್ಟು ಶಿಲ್ಲಿಂಗ್‌ನಲ್ಲೇ ಕೊಡಿ. ಸಣ್ಣ ಡಾಲರ್ ನೋಟಿಗೆ ಹಣ ಬದಲಿಸುವ ಅಂಗಡಿಗಳು ಕಡಿಮೆ ದರ ಕೊಡುತ್ತವೆ; ಹರಿದ, ಗೀಚಿದ, 2006ಕ್ಕಿಂತ ಹಳೆಯ ನೋಟನ್ನು ಮುಟ್ಟುವುದೂ ಇಲ್ಲ. ನೀವು ಹತ್ತು ಡಾಲರ್ ಕೊಟ್ಟೆ ಎಂದುಕೊಂಡದ್ದು ಅವರ ಕೈಯಲ್ಲಿ ಒಂಬತ್ತೋ ಎಂಟೋ ಆಗಿರುತ್ತದೆ.

ಮೋಶಿಯ ಬೀದಿ

ಬಸ್ ನಿಲ್ದಾಣದಿಂದಲೇ ಹಿಂದೆ ಬೀಳುವ ಗಿರಾಕಿ ಹಿಡಿಯುವವರನ್ನು ಅಲ್ಲಿ ಫ್ಲೈಕ್ಯಾಚರ್ ಎನ್ನುತ್ತಾರೆ. ಅವರ ಮೂಲಕ ಚಾರಣ ಬುಕ್ ಮಾಡಿದರೆ ಅವರ ದಲ್ಲಾಳಿ ಪಾಲು ಕೊನೆಗೆ ಕಳಚುವುದು ಪೋರ್ಟರ್ ಕೂಲಿಯಿಂದಲೇ. ನಯವಾಗಿ ಬೇಡವೆನ್ನಿ. ಆದರೆ ಬೀದಿಯ ಉಳಿದ ವ್ಯಾಪಾರದಿಂದ ದೂರ ಉಳಿಯಬೇಕಾದ ಕಾರಣವಿಲ್ಲ. ಮಲಗುವ ಚೀಲ, ಪುಕ್ಕ ತುಂಬಿದ ಬೆಚ್ಚನೆಯ ಜಾಕೆಟ್, ಕೋಲುಗಳನ್ನು ಬಾಡಿಗೆಗೆ ಕೊಡುವ ಸಣ್ಣ ಅಂಗಡಿಗಳು ಉಪಯುಕ್ತ. ಜಿಪ್ ಎಳೆದು ನೋಡಿ, ಕೋಲಿನ ಕೀಲು ಬಿಗಿಯಾಗುತ್ತದೆಯೇ ಪರೀಕ್ಷಿಸಿ, ಹಾನಿ ಇದ್ದರೆ ಒಯ್ಯುವ ಮುನ್ನವೇ ಫೋಟೊ ತೆಗೆಯಿರಿ. ಮಾಮಾ ನ್ಟಿಲಿಯೆ ಎಂದು ಕರೆಯುವ ಹೆಂಗಸರ ಊಟದ ಅಂಗಡಿಗಳಲ್ಲಿ ಅನ್ನ, ಬೀನ್ಸ್, ಬಾಳೆಕಾಯಿ ಪಲ್ಯ ಬಿಸಿಬಿಸಿಯಾಗಿ ಸಿಗುತ್ತದೆ. ಪ್ಯಾಕೇಜಿನ ಹಣ ಈ ಹೆಂಗಸರವರೆಗೆ ತಲುಪುವುದೇ ಇಲ್ಲ, ಹಾಗಾಗಿ ಚಾರಣ ಮುಗಿದ ದಿನದ ಊಟ ಹೋಟೆಲಿನ ಬದಲು ಅಲ್ಲಿ ಮಾಡುವುದು ಒಳ್ಳೆಯದು.

ಯಾವುದನ್ನು ಆರಿಸುವುದು

ಕೆಪಾಪ್ 2003ರಿಂದ ಕೆಲಸ ಮಾಡುತ್ತಿದೆ. ಕೂಲಿ, ಊಟ, ಟೆಂಟ್, ತೂಕ, ಟಿಪ್ಸಿನ ಪಾರದರ್ಶಕತೆಯಲ್ಲಿ ಅದರ ಮಾನದಂಡಕ್ಕೆ ಒಪ್ಪಿ ಪರಿಶೀಲನೆಗೆ ಒಳಪಡುವ ಸಂಸ್ಥೆಗಳ ಪಟ್ಟಿಯನ್ನು ಅದು ಪ್ರಕಟಿಸುತ್ತದೆ. ತಂಡದಲ್ಲಿ ಒಬ್ಬ ಪೋರ್ಟರ್ ವರದಿ ಕೊಡುವ ಕ್ರಮ ಇರುವುದರಿಂದ ಈ ಪಟ್ಟಿಗೆ ಜಾಹೀರಾತಿನ ಮಾತಿಗಿಂತ ಹೆಚ್ಚು ಬೆಲೆ. ವೆಬ್‌ಸೈಟಿನಲ್ಲಿ ಲಾಂಛನ ಹಾಕಿಕೊಂಡ ಮಾತ್ರಕ್ಕೆ ನಂಬಬೇಡಿ, ಕೆಪಾಪ್ ಪಟ್ಟಿಯಲ್ಲೇ ಹೆಸರು ಹುಡುಕಿ. ಪಟ್ಟಿಯಲ್ಲಿಲ್ಲದ ಸಣ್ಣ ಸಂಸ್ಥೆಗಳಲ್ಲೂ ಒಳ್ಳೆಯವು ಇವೆ. ಅವರಿಗೆ ಕೇಳಬೇಕಾದ ಪ್ರಶ್ನೆ ನೇರವಾದದ್ದು: ಪೋರ್ಟರಿಗೆ ದಿನಕ್ಕೆ ಎಷ್ಟು ಶಿಲ್ಲಿಂಗ್, ಚಾರಣ ಮುಗಿದು ಎಷ್ಟು ದಿನದಲ್ಲಿ, ಯಾರ ಕೈಯಿಂದ? ಗೈಡ್ ಮೂಲಕ ನಗದು ಎಂದರೆ ಒಂದು ಮಟ್ಟ. ಸಂಸ್ಥೆಯಿಂದ ನೇರ ಬ್ಯಾಂಕಿಗೆ ಅಥವಾ ಮೊಬೈಲ್ ಹಣದ ಖಾತೆಯಾದ ಎಂ-ಪೆಸಾಗೆ ಎಂದರೆ ಬಹಳ ಮೇಲಿನ ಮಟ್ಟ, ಏಕೆಂದರೆ ಪೋರ್ಟರ್ ಕೈಯಲ್ಲಿ ಒಂದು ದಾಖಲೆ ಉಳಿಯುತ್ತದೆ.

ಪೆರುವಿನಲ್ಲಿ 2001ರಲ್ಲೇ ಪೋರ್ಟರುಗಳಿಗಾಗಿ ಪ್ರತ್ಯೇಕ ಕಾನೂನು ಬಂತು, ಮಾಚು ಪಿಚುವಿಗೆ ಹೋಗುವ ಇಂಕಾ ದಾರಿಯಲ್ಲಿ ಹೊರೆಗೆ 20 ಕಿಲೋ ಮಿತಿ ಬಿತ್ತು. ದಿನಕ್ಕೆ 500 ಜನರ ಮಿತಿಯಲ್ಲಿ ಗೈಡ್, ಪೋರ್ಟರುಗಳನ್ನೂ ಎಣಿಸುತ್ತಾರೆ, ಆದ್ದರಿಂದ ಲೆಕ್ಕಕ್ಕೆ ಸಿಗದ ಆಳು ದಾರಿಗೆ ಇಳಿಯುವುದು ಕಷ್ಟ. ಕಿಲಿಮಂಜಾರೊದಲ್ಲಿ ಕೂಡ ಗೇಟಿನ ಪುಸ್ತಕ, ತಕ್ಕಡಿ ಎರಡೂ ಈಗಾಗಲೇ ಇವೆ. ಅದೇ ಹೆಸರುಗಳನ್ನು ಇಳಿಯುವ ಗೇಟಿನಲ್ಲೂ ಎಣಿಸಿದರೆ ನಡುವೆ ಮಾಯವಾಗುವ ಪೋರ್ಟರುಗಳ ಸಮಸ್ಯೆ ಬಹುಪಾಲು ಮುಗಿಯುತ್ತದೆ. ಸಣ್ಣ ಗೈಡುಗಳಿಗೆ ಎಟುಕುವ ದರದಲ್ಲಿ ಪರವಾನಗಿ ಸಿಗುವಂತಾದರೆ ಬ್ರೀಫ್‌ಕೇಸ್ ಕಂಪನಿಗಳೂ ಬೆಳಕಿಗೆ ಬರುತ್ತವೆ. ಅವರನ್ನು ಓಡಿಸಿ ದೊಡ್ಡವರಿಗೇ ಎಲ್ಲ ಬಿಟ್ಟುಕೊಡುವುದು ಪರಿಹಾರವಲ್ಲ.

ದಾರಿಯ ಆಯ್ಕೆಯೂ ಆಳುಗಳ ಮೇಲೆ ಪರಿಣಾಮ ಬೀರುತ್ತದೆ. ಮರಂಗು ದಾರಿಯಲ್ಲಿ ಗುಡಿಸಲುಗಳಿವೆ, ಪ್ರವಾಸಿಯ ಟೆಂಟ್ ಹೊರುವ ಕೆಲಸ ಇಲ್ಲ. ಉಂಬ್ವೆ ಕಡಿದಾದದ್ದು, ಹೊರೆಯೊಂದಿಗೆ ಬಹಳ ಕಷ್ಟ. ಮಚಾಮೆ, ಲೆಮೋಶೊ ದಾರಿಗಳಲ್ಲಿ ಬರಾಂಕೊ ಗೋಡೆಯನ್ನು ಕೈಯೂರಿ ಹತ್ತಬೇಕು. ತಲೆಯ ಮೇಲೆ ಚೀಲ ಹೊತ್ತ ಪೋರ್ಟರ್ ಹಿಂದಿನಿಂದ ಬಂದಾಗ ಬಂಡೆಯ ಕಡೆಗೆ ಒತ್ತಿ ನಿಂತು ದಾರಿ ಬಿಡಿ, ಕಣಿವೆಯ ಅಂಚಿನ ಕಡೆಗೆ ಸರಿಯಬೇಡಿ. ಆರು ದಿನದ ಬದಲು ಏಳು ಅಥವಾ ಎಂಟು ದಿನದ ಪ್ಯಾಕೇಜ್ ತೆಗೆದುಕೊಂಡರೆ ಮೈ ಎತ್ತರಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ, 5,895 ಮೀಟರಿನ ಉಹುರು ತುದಿ ಮುಟ್ಟುವ ಸಾಧ್ಯತೆ ಹೆಚ್ಚುತ್ತದೆ, ಆಳುಗಳಿಗೆ ಒಂದೆರಡು ದಿನದ ಕೂಲಿಯೂ ಹೆಚ್ಚು ಸಿಗುತ್ತದೆ.

ಚಾರಣ ಮುಗಿದ ಮೇಲೆ ಸಂಸ್ಥೆಗೆ ಬರೆಯುವ ಅಭಿಪ್ರಾಯದಲ್ಲಿ ಪೋರ್ಟರುಗಳ ಊಟ, ಟೆಂಟ್, ತೂಕ, ಕೂಲಿ ಬಗ್ಗೆ ಕಂಡದ್ದನ್ನು ಕಂಡಂತೆ ಬರೆಯಿರಿ. ದೂರುವಾಗ ಯಾವ ಪೋರ್ಟರ್ ಹೇಳಿದನೆಂಬ ಹೆಸರು ಬೇಡ, ಅವನಿಗೆ ಮುಂದಿನ ಹಂಗಾಮಿನಲ್ಲಿ ಕೆಲಸ ತಪ್ಪಬಹುದು. ಹೊಗಳುವಾಗ ಮಾತ್ರ ಹೆಸರು ಹಿಡಿದೇ ಬರೆಯಿರಿ, ಪಟ್ಟಿ ಹೇಗೂ ನಿಮ್ಮ ಬಳಿ ಇದೆ.